ಮಳೆ ನೋಡಿ ಪಾಠ, ಕೊಯ್ಲು ನೋಡಿ ಪರೀಕ್ಷೆ

ಪ್ರಶ್ನೆ: ಮಾನ್ಯರೇ, ನಮ್ಮದು ಮೂಡಿಗೆರೆ ತಾಲ್ಲೂಕಿನ ಕೂಡುಕುಟುಂಬ. ಹತ್ತು ಎಕರೆ ರೊಬಸ್ಟಾ ಕಾಫಿ ಇದೆ, ಅದರ ನಡುವೆಯೇ ಮೆಣಸಿನ ಬಳ್ಳಿಗಳಿವೆ. ನನ್ನ ಐದು ಮಕ್ಕಳು, ಮೈದುನನ ಇಬ್ಬರು ಮಕ್ಕಳು ಸೇರಿ ಮನೆಯಲ್ಲಿ ಏಳು ಮಕ್ಕಳಿದ್ದಾರೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಮನೆಯಲ್ಲಿ ಪಾಠ ಶುರುಮಾಡಿದೆವು. ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದುದರಿಂದ ಅದನ್ನೇ ಮುಂದುವರಿಸಿದೆವು. ಈಗ ದೊಡ್ಡವಳಿಗೆ 15 ತುಂಬಿದೆ, ಎರಡನೆಯವನಿಗೆ ಮೊನ್ನೆ 14 ಆಯಿತು. ಅನಂತರದವರಿಗೆ 12, 11, 9, 7 ಮತ್ತು 5 ವರ್ಷ. ಕಳೆದ ವರ್ಷ ಶಾಲೆಯಲ್ಲಿದ್ದಂತೆಯೇ 40 ನಿಮಿಷಗಳ ಪೀರಿಯಡ್ ಮಾಡಿ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಅದು ತಪ್ಪಿತು, ಕಾಫಿ ಕೊಯ್ಲಿನಲ್ಲಿ ಪೂರ್ತಿ ನಿಂತೇಹೋಯಿತು. ನಾನು ಬಿ.ಎಸ್ಸಿ. ಓದಿದ್ದೇನೆ. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಒಂದೂವರೆ ಗಂಟೆ ಮಕ್ಕಳೊಂದಿಗೆ ಕೂರಬಲ್ಲೆ. ಚಿಕ್ಕವರಿಗೆ ಹೆಚ್ಚಾಗಿ ದೊಡ್ಡ ಮಗಳೇ ಹೇಳಿಕೊಡುತ್ತಾಳೆ. ಗಣಿತ, ವಿಜ್ಞಾನಗಳನ್ನು ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ. ದೊಡ್ಡವಳು ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಬೇಕು, ಆಮೇಲೆ ಪಿಯುಸಿಗೆ ಕಾಲೇಜು ಸೇರಬೇಕು ಎನ್ನುತ್ತಾಳೆ. ಹೊಸ ವರ್ಷದ ಓದನ್ನು, ಅದರಲ್ಲೂ ದೊಡ್ಡ ಮಕ್ಕಳ ಓದನ್ನು, ಹೇಗೆ ಯೋಜಿಸಲಿ?
– ಒಬ್ಬ ತಾಯಿ, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ವೇಳಾಪಟ್ಟಿ ತಪ್ಪಿದ್ದಕ್ಕೆ ನಿಮ್ಮ ಶಿಸ್ತಿನ ಕೊರತೆ ಕಾರಣವಲ್ಲ, ಮಕ್ಕಳ ಸೋಮಾರಿತನವೂ ಕಾರಣವಲ್ಲ. ಒಮ್ಮೆ ಲೆಕ್ಕ ಹಾಕಿ ನೋಡಿ. ಏಳು ಮಕ್ಕಳಿಗೆ ತಲಾ ಐದು ವಿಷಯ, ಒಂದೊಂದಕ್ಕೆ 40 ನಿಮಿಷ ಎಂದರೆ 1,400 ನಿಮಿಷ, ಅಂದರೆ 23 ಗಂಟೆ 20 ನಿಮಿಷ ಬೇಕು. ನಿಮ್ಮ ಕೈಯಲ್ಲಿರುವುದು ಮೂರೂವರೆ ಗಂಟೆ. ಶಾಲೆಯಲ್ಲಿ ತರಗತಿಗೊಬ್ಬ, ವಿಷಯಕ್ಕೊಬ್ಬ ಶಿಕ್ಷಕರಿರುವುದರಿಂದ ಪೀರಿಯಡ್‌ಗಳು ನಡೆಯುತ್ತವೆ. ಒಬ್ಬಳೇ ತಾಯಿ ಇರುವ ಮನೆಗೆ ಆ ಅಳತೆ ಹೊಂದುವುದಿಲ್ಲ. ಆದ್ದರಿಂದ ಗೋಡೆಯ ಮೇಲಿನ ಕಾಗದವನ್ನು ಬೇಸರವಿಲ್ಲದೆ ತೆಗೆದುಹಾಕಿ.

ಪೀರಿಯಡ್‌ಗಿಂತ ಮೊದಲು ವರ್ಷವನ್ನು ವಿಂಗಡಿಸಿಕೊಳ್ಳಬೇಕು. ಜೂನ್‌ನಲ್ಲಿ ಪಠ್ಯಪುಸ್ತಕ ತೆರೆದು ಮಾರ್ಚ್‌ನಲ್ಲಿ ಪರೀಕ್ಷೆ ಬರೆಯುವ ಕ್ರಮ ರೊಬಸ್ಟಾ ಬೆಳೆಯುವ ಮನೆಗೆ ತೀರಾ ಅನನುಕೂಲ. ಏಕೆಂದರೆ ಓದು ಬಿರುಸಾಗಬೇಕಾದ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿಯೇ ನಿಮ್ಮಲ್ಲಿ ಹಣ್ಣು ಕೊಯ್ಲು, ಕಣದಲ್ಲಿ ಒಣಗಿಸುವುದು, ಮೆಣಸು ಬಿಡಿಸುವುದು, ಹೂವಿಗಾಗಿ ಸ್ಪ್ರಿಂಕ್ಲರ್ ಓಡಿಸುವುದು ಎಲ್ಲವೂ ಒಟ್ಟಿಗೆ ಬರುತ್ತವೆ. ಮನೆ ತುಂಬ ಆಳುಗಳಿರುವಾಗ, ಸಂಜೆ ಹಣ್ಣಿನ ತೂಕ ನಡೆಯುವಾಗ, ಅಂಗಳದ ಪಕ್ಕದ ಕೋಣೆಯಲ್ಲಿ ಬೀಜಗಣಿತ ತಲೆಗೆ ಹತ್ತುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಹೊರಗೆ ಹೋಗುವ ಕೆಲಸವೂ ಕಡಿಮೆ, ಬರುವ ನೆಂಟರೂ ಕಡಿಮೆ. ನಾವು ಮಳೆಗಾಲವನ್ನು ಓದಿಗೆ ಅಡ್ಡಿಯೆಂದು ತಿಳಿದಿದ್ದೇವೆ. ಶಾಲೆಗೆ ನಡೆದು ಹೋಗಬೇಕಾದ ಮಗುವಿಗೆ ಅದು ಅಡ್ಡಿಯೇ ಹೌದು, ಆದರೆ ಮನೆಯಲ್ಲೇ ಕಲಿಯುವ ಮಗುವಿಗೆ ವರ್ಷದಲ್ಲಿ ಅದರಷ್ಟು ಒಳ್ಳೆಯ ಕಾಲ ಇನ್ನೊಂದಿಲ್ಲ.

ಹಾಗಾಗಿ ಯುಗಾದಿಯಿಂದ ವರ್ಷ ಆರಂಭಿಸಿ, ಪರೀಕ್ಷೆಗೆ ಬೇಕಾದ ಹೊಸ ಪಾಠಗಳನ್ನೆಲ್ಲ ದೀಪಾವಳಿಯೊಳಗೆ ಮುಗಿಸಿಬಿಡುವಂತೆ ಯೋಜಿಸಿ. ಏಪ್ರಿಲ್ ಮಧ್ಯದಿಂದ ದೀಪಾವಳಿಯವರೆಗೆ ಸುಮಾರು 28 ವಾರಗಳು ಸಿಗುತ್ತವೆ. ಜ್ವರ, ಹಬ್ಬ, ಮದುವೆಗಳಿಗೆಂದು ನಾಲ್ಕು ವಾರ ಬಿಟ್ಟು 24 ಎಂದು ಹಿಡಿಯಿರಿ. ಪ್ರತಿ ಪುಸ್ತಕದ ಪಾಠಗಳನ್ನು ಈ 24 ವಾರಗಳಿಗೆ ಹಂಚಿದರೆ ವಾರಕ್ಕೆ ಎಷ್ಟು ಆಗಬೇಕೆಂಬುದು ಸ್ಪಷ್ಟವಾಗುತ್ತದೆ. ಈ ಹಂಚಿಕೆಯನ್ನು ದೊಡ್ಡ ಮಕ್ಕಳ ಕೈಯಲ್ಲೇ ಮಾಡಿಸಿ. ತಾನೇ ಹಂಚಿಕೊಂಡ ಪಾಠ ಹಿಂದೆ ಬಿದ್ದರೆ ಮಗುವಿಗೆ ತಾನಾಗಿಯೇ ತಿಳಿಯುತ್ತದೆ, ನೀವು ದಿನವೂ ಹೇಳುವ ಅಗತ್ಯವಿರುವುದಿಲ್ಲ. ದೀಪಾವಳಿಯಿಂದ ಕೊಯ್ಲಿನವರೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲಿ. ಕೊಯ್ಲಿನ ಮೂರು ತಿಂಗಳಲ್ಲಿ ದಿನಕ್ಕೆ ಒಂದು ಗಂಟೆಯ ಪುನರಾವರ್ತನೆ ಮಾತ್ರ ಸಾಕು, ಹೊಸದೇನೂ ಬೇಡ. ಆ ದಿನಗಳಲ್ಲಿ ಮಕ್ಕಳು ಕಣದಲ್ಲಿ ಕೈಜೋಡಿಸುವುದು ಒಳ್ಳೆಯದೇ. ಆದರೆ ಮೆಣಸಿನ ಏಣಿ ಹತ್ತುವ ಕೆಲಸ ಅವರಿಗೆ ಬೇಡ, ಮತ್ತು ಆಳು ಸಿಗಲಿಲ್ಲವೆಂಬ ಕಾರಣಕ್ಕೆ ಆ ಒಂದು ಗಂಟೆಯನ್ನು ಕಸಿದುಕೊಳ್ಳುವುದೂ ಬೇಡ.

ಇನ್ನು ಪರೀಕ್ಷೆಯ ವಿಚಾರ. ನಿಮ್ಮ ಮಗಳಿಗೆ ಎರಡು ದಾರಿಗಳಿವೆ. ಒಂದು, ಕರ್ನಾಟಕದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವುದು. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ಮಕ್ಕಳಿಗೆ ನಾನು ಇದನ್ನೇ ಸೂಚಿಸುತ್ತೇನೆ. ಇನ್ನೊಂದು, ಎನ್‌ಐಒಎಸ್ ಎಂದು ಕರೆಯುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಈ ಸಂಸ್ಥೆಯಲ್ಲಿ 14 ತುಂಬಿದ ಮಕ್ಕಳು ಸೆಕೆಂಡರಿ ಹಂತಕ್ಕೆ, ಎಂದರೆ ಹತ್ತನೆಯ ತರಗತಿಗೆ, ಸೇರಬಹುದು. ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಪ್ರಮಾಣಪತ್ರ ಸಿಗುತ್ತದೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನಲ್ಲಿ, ಪರೀಕ್ಷೆಗಳು ನಡೆಯುತ್ತವೆ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಐದು ವಿಷಯಗಳನ್ನೂ ಒಂದೇ ಸಲ ಬರೆಯಬೇಕೆಂಬ ಕಟ್ಟುಪಾಡಿಲ್ಲ, ಪಾಸಾದ ವಿಷಯ ಪಾಸಾದಂತೆಯೇ ಉಳಿಯುತ್ತದೆ. ಪಾಠವೂ ತೋಟವೂ ಒಟ್ಟಿಗೆ ನಡೆಯುವ ಮನೆಗೆ ಈ ಸಡಿಲಿಕೆ ದೊಡ್ಡ ಅನುಕೂಲ. ನಿಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವುದರಿಂದ ನಾನು ಎರಡನೆಯ ದಾರಿಯನ್ನೇ ಹೇಳುತ್ತೇನೆ.

ಸಾಮಾನ್ಯವಾಗಿ ಮಾರ್ಚ್ ಮಧ್ಯದಿಂದ ಜುಲೈವರೆಗೆ ಸೇರಿದವರು ಮುಂದಿನ ಏಪ್ರಿಲ್–ಮೇ ಪರೀಕ್ಷೆಗೆ, ಸೆಪ್ಟೆಂಬರ್ ಮಧ್ಯದಿಂದ ಜನವರಿವರೆಗೆ ಸೇರಿದವರು ಮುಂದಿನ ಅಕ್ಟೋಬರ್–ನವೆಂಬರ್ ಪರೀಕ್ಷೆಗೆ ಅರ್ಹರಾಗುತ್ತಾರೆ. ಕೊನೆಯ ದಿನಾಂಕವನ್ನು ಆಯಾ ವರ್ಷ ಸಂಸ್ಥೆಯ ಜಾಲತಾಣದಲ್ಲಿ ನೋಡಿಕೊಂಡು, ಮಳೆ ಜೋರಾಗಿ ಕರೆಂಟು ಹೋಗುವ ಮುನ್ನ, ಮೇ ತಿಂಗಳಲ್ಲಿಯೇ ಅರ್ಜಿ ಹಾಕಿಬಿಡಿ. ಪುಸ್ತಕಗಳ ಪ್ರತಿಗಳು ಅದೇ ಜಾಲತಾಣದಲ್ಲಿ ಸಿಗುತ್ತವೆ. ಅಂಚೆಯಲ್ಲಿ ಬರುವುದನ್ನು ಕಾಯದೆ ಮೊದಲ ಹತ್ತು ಪಾಠಗಳನ್ನು ಪೇಟೆಯಲ್ಲಿ ಜೆರಾಕ್ಸ್ ಮಾಡಿಸಿಕೊಳ್ಳಿ. ಶಿಕ್ಷಕರು ಮೌಲ್ಯಮಾಪನ ಮಾಡುವ ಟಿ.ಎಂ.ಎ. ಎಂಬ ಬರಹದ ಕೆಲಸಕ್ಕೆ ಶೇ 20ರಷ್ಟು ಅಂಕಗಳಿರುವುದರಿಂದ ಅದನ್ನು ಮಳೆಗಾಲದಲ್ಲೇ ಬರೆದಿಟ್ಟುಕೊಳ್ಳುವುದು ಕ್ಷೇಮ. ವಿಜ್ಞಾನಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಸೇರುವಾಗ ಆರಿಸಿಕೊಳ್ಳುವ ಅಧ್ಯಯನ ಕೇಂದ್ರದಲ್ಲಿ ಪ್ರಯೋಗಗಳನ್ನು ಮಾಡಿಸುವ ದಿನಗಳನ್ನು ಮೊದಲೇ ಕೇಳಿಕೊಂಡು, ಆ ದಿನಗಳಲ್ಲಿ ಮನೆಯ ಬೇರೆ ಕೆಲಸಗಳನ್ನು ಇಟ್ಟುಕೊಳ್ಳಬೇಡಿ.

ಐದೂ ವಿಷಯಗಳನ್ನು ಒಂದೇ ಏಪ್ರಿಲ್‌ನಲ್ಲಿ ಬರೆಯಬೇಕೇ ಎಂಬುದನ್ನು ಈಗಲೇ ತೀರ್ಮಾನಿಸಬೇಡಿ. ದೀಪಾವಳಿಯ ಅನಂತರ ಮಗಳು ಪ್ರತಿ ವಿಷಯದ ಒಂದೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆಯಲಿ. ಐದರಲ್ಲೂ ಧೈರ್ಯವಿದ್ದರೆ ಐದನ್ನೂ ಕಟ್ಟಲಿ, ಜೂನ್‌ನಲ್ಲಿ ಪಿಯುಸಿ ಸೇರಬಹುದು. ಗಣಿತ, ವಿಜ್ಞಾನಗಳಲ್ಲಿ ಅಳುಕಿದ್ದರೆ ಕನ್ನಡ, ಇಂಗ್ಲಿಷ್, ಸಮಾಜ ವಿಜ್ಞಾನಗಳನ್ನು ಏಪ್ರಿಲ್‌ನಲ್ಲಿ ಬರೆದು, ಉಳಿದೆರಡನ್ನು ಇನ್ನೊಂದು ಮಳೆಗಾಲದ ಓದಿನ ಬಳಿಕ ಅಕ್ಟೋಬರ್‌ನಲ್ಲಿ ಬರೆಯಲಿ. ಹಾಗೆ ಮಾಡಿದರೆ ಕಾಲೇಜು ಸೇರುವುದು ಒಂದು ವರ್ಷ ತಡವಾಗುತ್ತದೆ. ಅದನ್ನು ಮಗಳಿಗೆ ಮುಚ್ಚಿಡದೆ ಹೇಳಿ, ಅವಳೇ ಆರಿಸಿಕೊಳ್ಳಲಿ. ಜೊತೆಯವರಿಗಿಂತ ಒಂದು ವರ್ಷ ಹಿಂದೆ ಬೀಳುವ ನೋವು ಹದಿನಾರನೆಯ ವಯಸ್ಸಿನಲ್ಲಿ ಸಣ್ಣದಲ್ಲ. ಅರ್ಧಂಬರ್ಧ ಗಣಿತ ಹೊತ್ತು ವಿಜ್ಞಾನ ವಿಭಾಗಕ್ಕೆ ಸೇರಿ ಎರಡು ವರ್ಷ ಒದ್ದಾಡುವ ನೋವು ಅದಕ್ಕಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಪತ್ರದಲ್ಲಿ ಒಂದು ವಾಕ್ಯವನ್ನು ಓದಿ ನಾನು ಅಲ್ಲಿಯೇ ನಿಂತೆ. ಚಿಕ್ಕವರಿಗೆ ಹೆಚ್ಚಾಗಿ ದೊಡ್ಡ ಮಗಳೇ ಹೇಳಿಕೊಡುತ್ತಾಳೆ ಎಂದಿದ್ದೀರಿ. ಈ ವರ್ಷ ದಯವಿಟ್ಟು ಅದನ್ನು ನಿಲ್ಲಿಸಿ. ಆಲೂರು ಕಡೆಯ ಹಳ್ಳಿಮನೆಯಲ್ಲಿ ಆರು ಮಕ್ಕಳಲ್ಲಿ ಹಿರಿಯವಳಾಗಿ ಬೆಳೆದವಳು ನಾನು. ಹತ್ತನೆಯ ತರಗತಿಯಲ್ಲಿದ್ದಾಗ ಸಂಜೆಯ ಹೊತ್ತೆಲ್ಲ ತಮ್ಮತಂಗಿಯರಿಗೆ ಮಗ್ಗಿ ಹೇಳಿಸಿ, ಕಾಪಿ ಬರೆಸಿ, ಊಟ ಬಡಿಸಿ ಮುಗಿಸುವಷ್ಟರಲ್ಲಿ ಒಂಬತ್ತೂವರೆ ಆಗುತ್ತಿತ್ತು. ನನ್ನ ಗಣಿತದ ಪುಸ್ತಕ ತೆರೆಯುತ್ತಿದ್ದುದು ಆಮೇಲೆ. ಹಿರಿಯಳು ಜಾಣೆ, ಮನೆಯನ್ನು ಹೇಗೆ ನಿಭಾಯಿಸುತ್ತಾಳೆ ನೋಡಿ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಯಿಂದಾಗಿಯೇ ನನಗೆ ಸಾಕಾಗಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಆ ಮಾರ್ಚ್‌ನಲ್ಲಿ ಗಣಿತದಲ್ಲಿ ಅನುತ್ತೀರ್ಣಳಾದೆ. ಮತ್ತೆ ಕಟ್ಟಿ ಪಾಸಾಗಿ, ಮುಂದೆ ಹಾಸನದಲ್ಲಿ ಅದೇ ಗಣಿತವನ್ನು ಮೂವತ್ತು ವರ್ಷ ಕಲಿಸಿದೆ ನಿಜ. ಆದರೆ ಫಲಿತಾಂಶದ ದಿನ ಹಿತ್ತಿಲಿನಲ್ಲಿ ಒಬ್ಬಳೇ ಕುಳಿತಿದ್ದ ಆ ಹುಡುಗಿಯನ್ನು ನಾನು ಮರೆತಿಲ್ಲ. ಮನೆಯಲ್ಲಿ ಯಾರೂ ನನಗೆ ಕೆಡುಕು ಬಯಸಿದವರಲ್ಲ, ನನಗೂ ಓದಿಗೆ ಸಮಯ ಬೇಕೆಂಬುದು ಯಾರಿಗೂ ಹೊಳೆಯಲಿಲ್ಲ, ಅಷ್ಟೇ.

ಆದ್ದರಿಂದ ಚಿಕ್ಕ ಮೂವರ ಅಕ್ಷರ, ಮಗ್ಗಿ, ಕಥೆಗಳನ್ನು ನಿಮ್ಮ ವಾರಗಿತ್ತಿಯವರಿಗೋ ಅತ್ತೆಯವರಿಗೋ ಒಪ್ಪಿಸಿ. ಅವರು ಓದಿದ್ದು ಕಡಿಮೆಯಿದ್ದರೂ ಚಿಂತೆಯಿಲ್ಲ. ಐದು ವರ್ಷದ ಮಗುವಿಗೆ ಬೇಕಾಗಿರುವುದು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುವ ಹಿರಿಯರು. ದೊಡ್ಡವಳು ಪ್ರೀತಿಯಿಂದ ವಾರಕ್ಕೊಂದು ಸಂಜೆ ತಮ್ಮಂದಿರಿಗೆ ಕಥೆ ಓದಿ ಹೇಳಿದರೆ ಸಂತೋಷ, ಆದರೆ ಅದು ಅವಳ ಕರ್ತವ್ಯದ ಪಟ್ಟಿಯಲ್ಲಿರಬಾರದು. ಅವಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ ಕೊಡಿ. ಕೋಣೆ ಇಲ್ಲದಿದ್ದರೆ ಅಟ್ಟದ ಒಂದು ಮೂಲೆಯಾದರೂ ಆದೀತು.

ದೊಡ್ಡ ಇಬ್ಬರಿಗೂ ಒಂದೊಂದು ವಾರದ ಪುಸ್ತಕ ಇರಲಿ. ಸೋಮವಾರ ಬೆಳಿಗ್ಗೆ ಆ ವಾರ ಏನೇನು ಓದಿ ಬರೆಯುತ್ತೇನೆ ಎಂಬುದನ್ನು ಅವರೇ ಬರೆದು ನಿಮಗೆ ತೋರಿಸಲಿ, ಶನಿವಾರ ಸಂಜೆ ಮುಗಿದದ್ದನ್ನೂ ಮುಗಿಯದ್ದನ್ನೂ ತೋರಿಸಲಿ. ನಡುವೆ ವಿಚಾರಿಸದಿರುವುದು ತಾಯಿಗೆ ಕಷ್ಟ, ಆದರೂ ತಡೆದುಕೊಳ್ಳಿ. ಅವರಿಗಾಗಿ ಮಧ್ಯಾಹ್ನದ ಒಂದೂವರೆ ಗಂಟೆಯನ್ನು ಮೀಸಲಿಡಿ. ಒಂದು ದಿನ ಮಗಳ ಗಣಿತ, ಮರುದಿನ ಮಗನದು. ಗೊತ್ತಾಗದ ಲೆಕ್ಕಗಳನ್ನು ಗುರುತು ಹಾಕಿಟ್ಟು ತರಬೇಕು, ಗೊತ್ತಿರುವುದನ್ನು ನೀವು ಮತ್ತೆ ವಿವರಿಸುವ ಅಗತ್ಯವಿಲ್ಲ. ಹದಿನಾಲ್ಕು ದಾಟಿದ ಮಗುವಿಗೆ ದಿನವಿಡೀ ಪಾಠ ಹೇಳುವವರು ಬೇಕಿಲ್ಲ, ತಾನು ಎಡವಿದ ಜಾಗವನ್ನು ತೋರಿಸಿಕೊಡುವವರು ಬೇಕು. 12 ಮತ್ತು 11ರ ಮಕ್ಕಳನ್ನು ಒಂದೇ ತರಗತಿಯವರೆಂದು ತಿಳಿದು ಬೆಳಿಗ್ಗೆ ಒಟ್ಟಿಗೆ ಕೂರಿಸಿ. ಒಂದು ವರ್ಷದ ಅಂತರಕ್ಕಾಗಿ ಎರಡು ಪಾಠ ಮಾಡುವುದು ನಿಮ್ಮ ಶಕ್ತಿಯ ಅಪವ್ಯಯ.

ಏಳೂ ಮಕ್ಕಳು ಒಟ್ಟಿಗೆ ಕಲಿಯುವಂಥದ್ದೂ ಬಹಳಷ್ಟಿದೆ. ನಮ್ಮ ಕಡೆಯ ಅನೇಕ ತೋಟದ ಮನೆಗಳಲ್ಲಿ ಹಿರಿಯರು ದಿನದ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಡುತ್ತಾರೆ. ನಿಮ್ಮ ಮನೆಯಲ್ಲೂ ಅಂಥ ಪುಸ್ತಕವಿದ್ದರೆ ಅದಕ್ಕಿಂತ ಒಳ್ಳೆಯ ಗಣಿತದ ಪಠ್ಯ ನಿಮಗೆ ಸಿಗದು. ಒಂದು ಇಂಚು ಎಂದರೆ ನೂರು ಸೆಂಟ್, ಅಂದರೆ 25.4 ಮಿಲಿಮೀಟರ್. ಅಜ್ಜನ ಲೆಕ್ಕವನ್ನು ಮಿಲಿಮೀಟರ್‌ಗೆ ತರುವುದು 12 ಮತ್ತು 11ರ ಮಕ್ಕಳಿಗೆ ದಶಮಾಂಶದ ಅಭ್ಯಾಸ. ಒಂಬತ್ತರವನು ತಿಂಗಳುವಾರು ಸ್ತಂಭಾಲೇಖ ಬರೆಯಲಿ, ಏಳರವಳು ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ಎಂದು ಮಳೆ ನಕ್ಷತ್ರಗಳ ಹೆಸರನ್ನು ಅದರ ಕೆಳಗೆ ಬರೆಯಲಿ. ದೊಡ್ಡವರಿಬ್ಬರೂ ಇಪ್ಪತ್ತು ವರ್ಷಗಳ ಜುಲೈ ಮಳೆಯ ಸರಾಸರಿ, ಮಧ್ಯಾಂಕಗಳನ್ನು ಕಂಡುಹಿಡಿದು, ಅವೆರಡೂ ಏಕೆ ಬೇರೆ ಬಂದವೆಂದು ಬರೆಯಲಿ. ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಅಧ್ಯಾಯ ಇದರಲ್ಲಿಯೇ ಬಹುಪಾಲು ಮುಗಿಯುತ್ತದೆ, ಅಜ್ಜನಿಗೂ ಮೊಮ್ಮಕ್ಕಳಿಗೂ ಮಾತಿಗೊಂದು ವಿಷಯ ಸಿಗುತ್ತದೆ. ಹಾಗೆಯೇ ಮಗನಿಗೆ ತೋಟದ ಪಂಪ್‌ಸೆಟ್‌ನ ಲೆಕ್ಕ ಕೊಡಿ. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಐದು ಅಶ್ವಶಕ್ತಿಯ ಮೋಟಾರು ಒಂದು ಗಂಟೆ ಪೂರ್ಣ ಶಕ್ತಿಯಲ್ಲಿ ಓಡಿದರೆ ಸುಮಾರು 3.7 ಯೂನಿಟ್ ಕೆಲಸ ಮಾಡುತ್ತದೆ. ಮೀಟರಿನಲ್ಲಿ ಅದಕ್ಕಿಂತ ಹೆಚ್ಚು ಏಕೆ ತೋರಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ವಿದ್ಯುತ್ತಿನ ಪಾಠ ಅವನಿಗೆ ತಾನಾಗಿಯೇ ಬೇಕೆನಿಸುತ್ತದೆ.

ಮಳೆ ಹಿಡಿಯುವ ಮೊದಲು ಒಂದು ದಿನದ ಪ್ರವಾಸ ಇಟ್ಟುಕೊಳ್ಳಿ. ಹೊಯ್ಸಳರ ಮೂಲಸ್ಥಾನವೆನ್ನುವ ಸೊಸೆವೂರು, ಎಂದರೆ ಅಂಗಡಿ, ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿಂದ ಹೊರಟು 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇಗುಲ, ಅಲ್ಲಿಂದ ಹಳೇಬೀಡು ಎಂದು ಹೋದರೆ ಒಂದು ರಾಜವಂಶ ಬೆಟ್ಟದಿಂದ ಬಯಲಿಗೆ ಇಳಿದ ದಾರಿಯಲ್ಲೇ ಮಕ್ಕಳು ಸಾಗಿದಂತಾಗುತ್ತದೆ. ಕ್ರಿ.ಶ. ಸುಮಾರು 450ರದೆನ್ನುವ ಕನ್ನಡ ಶಾಸನ ದೊರೆತ ಹಲ್ಮಿಡಿಯೂ ಬೇಲೂರು ತಾಲ್ಲೂಕಿನದೇ. ಬಂದ ಮೇಲೆ ಚಿಕ್ಕವರು ಕಂಡದ್ದರ ಚಿತ್ರ ಬರೆಯಲಿ. ದೊಡ್ಡವಳು ಹೊಯ್ಸಳ ವಾಸ್ತುಶಿಲ್ಪದ ಮೇಲೆ ಪರೀಕ್ಷೆಯ ಅಳತೆಯ ಉತ್ತರ ಬರೆಯಲಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದನ್ನು ಅದರಲ್ಲಿ ಸೇರಿಸಲಿ.

ಮಳೆಗಾಲದ ಓದು ಕಾಗದದ ಮೇಲಿನ ಓದೇ ಆಗಿರಬೇಕು. ನೆಟ್‌ವರ್ಕ್ ನಂಬಿಕೊಂಡು ವಿಡಿಯೊ ಪಾಠಗಳ ಮೇಲೆ ಯೋಜನೆ ಕಟ್ಟಿದರೆ ಮೊದಲ ಗಾಳಿಮಳೆಗೇ ನಿಲ್ಲುತ್ತದೆ, ಬೇಕಾದವನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ. ಆಶ್ಲೇಷಾ ಮಳೆಯ ಹೊತ್ತಿಗೆ ಮಕ್ಕಳು ಮಂಕಾಗುತ್ತಾರೆ, ವಿಶೇಷವಾಗಿ ಗೆಳೆಯರಿಲ್ಲದ ದೊಡ್ಡ ಮಕ್ಕಳು. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ ಎನ್ನುತ್ತಾರೆ, ಅಲ್ಲಿಗೆ ವಾರಕ್ಕೊಮ್ಮೆ ಇಬ್ಬರನ್ನೂ ಕಳುಹಿಸಿ. ಪುಸ್ತಕಕ್ಕಿಂತಲೂ ತಮ್ಮ ವಯಸ್ಸಿನ ಇನ್ನೊಂದು ಮುಖ ನೋಡುವುದು ಅವರಿಗೆ ಮುಖ್ಯ.

ಕಾನೂನಿನ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ನೆರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಮನೆಶಿಕ್ಷಣದ ಬಗ್ಗೆ ಅದರಲ್ಲಿ ಪ್ರತ್ಯೇಕ ಅವಕಾಶವಿಲ್ಲ. ಅದರಿಂದ ಚಿಕ್ಕ ಮಕ್ಕಳ ಬರಹದ ಪುಸ್ತಕಗಳನ್ನು ದಿನಾಂಕ ಹಾಕಿ ಜೋಪಾನವಾಗಿಡಿ, ಊರಿನ ಶಾಲೆಯ ಮುಖ್ಯೋಪಾಧ್ಯಾಯರೊಂದಿಗೆ ಸಂಪರ್ಕ ಬಿಡಬೇಡಿ. ಮೂರು, ಐದು ಮತ್ತು ಎಂಟನೆಯ ತರಗತಿಗೆ ಸಮನಾದ ಮುಕ್ತ ಮೂಲ ಶಿಕ್ಷಣದ ಹಂತಗಳು ಎನ್‌ಐಒಎಸ್‌ನಲ್ಲಿಯೂ ಇವೆ, ನಿಮ್ಮ ನಡುವಿನ ಮಕ್ಕಳಿಗೆ ಅವನ್ನು ವಿಚಾರಿಸಿ.

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮ ನಾಲ್ಕು ಮಕ್ಕಳಿಗೆ ಮನೆಯಲ್ಲೇ ಪಾಠ. ಎರಡನೆಯವನಿಗೆ 13 ವರ್ಷ. ಈ ಜೂನ್‌ನಿಂದ ಹೈಸ್ಕೂಲಿಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾನೆ. ಮೂರು ವರ್ಷದ ನಮ್ಮ ಶ್ರಮ ವ್ಯರ್ಥವಾಗುವುದಿಲ್ಲವೇ? ಉಳಿದವರ ಓದೂ ಕೆಡುವುದಿಲ್ಲವೇ?
– ಒಬ್ಬ ತಂದೆ

ಉತ್ತರ: ಅವನನ್ನು ಕಳುಹಿಸಿ. ತನಗೇನು ಬೇಕೆಂದು 13ರಲ್ಲಿ ಬಾಯಿಬಿಟ್ಟು ಹೇಳುವ ಮಗನನ್ನು ಬೆಳೆಸಿದ್ದೀರಿ, ಆ ಶ್ರಮ ವ್ಯರ್ಥವಾಗಿಲ್ಲ. ಮೇಲೆ ಹೇಳಿದ ಕಾಯ್ದೆಯ ಪ್ರಕಾರ ಶಾಲೆಗೆ ಹೋಗದೆ ಉಳಿದ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಜನನ ಪ್ರಮಾಣಪತ್ರ ಮತ್ತು ಅವನ ಬರಹದ ಪುಸ್ತಕಗಳನ್ನು ಹಿಡಿದು ಮೇ ತಿಂಗಳಲ್ಲೇ ಮುಖ್ಯೋಪಾಧ್ಯಾಯರನ್ನು ಕಾಣಿ. ಮನೆಯಲ್ಲಿ ಓದಿದ ಮಕ್ಕಳು ಹೈಸ್ಕೂಲಿನಲ್ಲಿ ಕಷ್ಟಪಡುವುದನ್ನು ನಾನು ಕಂಡದ್ದು ಎರಡು ಕಡೆ. ಒಂದು, ಮನೆಯಲ್ಲಿ ಬಿಟ್ಟೇಹೋಗುವ ಹಿಂದಿ. ಇನ್ನೊಂದು, ಕೊಟ್ಟ ಸಮಯದೊಳಗೆ ಬರೆದು ಮುಗಿಸುವುದು. ಉಳಿದಿರುವ ವಾರಗಳಲ್ಲಿ ದಿನಕ್ಕೆ ಅರ್ಧ ಗಂಟೆ ಹಿಂದಿ ಓದು, ಒಂದು ಪುಟ ವೇಗದ ಬರಹ ಮಾಡಿಸಿ, ಬೇರೆ ಪಾಠಗಳ ಬಗ್ಗೆ ಈಗ ಗಾಬರಿ ಬೇಡ. ಉಳಿದ ಮೂವರ ಓದು ಇದರಿಂದ ಕೆಡುವುದಿಲ್ಲ. ಅವನು ಮನೆಗೆ ಬರುವ ಹೊತ್ತಿಗೆ ಅವರ ಪಾಠ ಮುಗಿದಿರುವಂತೆ ವೇಳೆ ಹೊಂದಿಸಿಕೊಳ್ಳಿ, ಸಂಜೆ ನಾಲ್ವರೂ ಒಟ್ಟಿಗೆ ಆಡಲು ಸಿಗಲಿ.